ಶಾಸ್ತ್ರೀಯ ಸಂಗೀತದ ಸಿ.ಡಿ.ಗಳ ಕಡತ ಪರಿವರ್ತನೆ

ಶಾಸ್ತ್ರೀಯ ಸಂಗೀತದ ಸಿ.ಡಿ.ಗಳ ಕಡತ ಪರಿವರ್ತನೆ ಎಂದರೆ ಕರ್ನಾಟಕ ಅಥವಾ ಹಿಂದುಸ್ತಾನಿ ಸಂಗೀತದ ಆಡಿಯೋ ಸಿ.ಡಿ.ಗಳಲ್ಲಿರುವ ಧ್ವನಿಯನ್ನು ಗಣಕಯಂತ್ರಕ್ಕೆ ನಕಲಿಸಿ, ಕಲಾವಿದರು, ರಚನೆಕಾರರು, ರಾಗ, ತಾಳ ಮೊದಲಾದ ವಿವರಗಳೊಂದಿಗೆ ಕ್ರಮವಾಗಿ ಜೋಡಿಸಿಡುವ ಕೆಲಸ. ಇದನ್ನು ರೂಢಿಯಲ್ಲಿ ಡಿಜಿಟಲೀಕರಣ ಎನ್ನುವುದುಂಟು. ಆದರೆ ಸಿ.ಡಿ.ಯಲ್ಲಿರುವ ಧ್ವನಿ ಮೊದಲೇ ಡಿಜಿಟಲ್ ರೂಪದಲ್ಲಿರುವುದರಿಂದ, ಕ್ಯಾಸೆಟ್ ಅಥವಾ ಗ್ರಾಮಫೋನ್ ತಟ್ಟೆಗಳ ಡಿಜಿಟಲೀಕರಣಕ್ಕಿಂತ ಇದು ಭಿನ್ನವಾದುದು. ಇಲ್ಲಿ ಧ್ವನಿಯನ್ನು ಹೊಸದಾಗಿ ಮುದ್ರಿಸಿಕೊಳ್ಳಬೇಕಾಗಿಲ್ಲ; ಇರುವ ಅಂಕಿಗಳನ್ನು ತಪ್ಪಿಲ್ಲದೆ ಓದಿಕೊಂಡರೆ ಸಾಕು.

ಈ ಕೆಲಸಕ್ಕೆ ಎರಡು ಭಾಗಗಳಿವೆ. ಧ್ವನಿಯನ್ನು ನಕಲಿಸುವ ಭಾಗವನ್ನು ಬಹುಮಟ್ಟಿಗೆ ತಂತ್ರಾಂಶವೇ ನಿರ್ವಹಿಸುತ್ತದೆ. ಯಾರು ಹಾಡಿದ್ದು, ಯಾರ ರಚನೆ, ಯಾವ ರಾಗ, ಪಕ್ಕವಾದ್ಯ ಯಾರದು ಎಂಬ ವಿವರಗಳು ಮಾತ್ರ ಸಾಮಾನ್ಯವಾಗಿ ತಟ್ಟೆಯಲ್ಲಿರುವುದಿಲ್ಲ. ಅವು ಪೆಟ್ಟಿಗೆಯ ಕಾಗದದ ಮೇಲೆ ಅಥವಾ ಕೇಳುಗರ ನೆನಪಿನಲ್ಲಿರುತ್ತವೆ. ನಕಲಿಸುವಾಗ ಅವನ್ನು ಬರೆದಿಡದಿದ್ದರೆ ಧ್ವನಿ ಉಳಿದೂ ಅದರ ಗುರುತು ಅಳಿಯುವ ಸಂಭವವಿದೆ.

## ಹಿನ್ನೆಲೆ

ಆಡಿಯೋ ಸಿ.ಡಿ.ಯ ಮಾನಕವನ್ನು ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ರೂಪಿಸಿದವು. 1982ರಲ್ಲಿ ಜಪಾನಿನಲ್ಲಿ ಅದರ ಮಾರಾಟ ಆರಂಭವಾಯಿತು. ಈ ಮಾನಕದಂತೆ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನು 16 ಬಿಟ್‌ಗಳಲ್ಲಿ, ಎರಡು ವಾಹಿನಿಗಳಲ್ಲಿ ದಾಖಲಿಸಲಾಗುತ್ತದೆ. ಇದರಿಂದ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್, ಅಂದರೆ ನಿಮಿಷಕ್ಕೆ ಸುಮಾರು 10.6 ಮೆಗಾಬೈಟ್ ದತ್ತಾಂಶ ಉಂಟಾಗುತ್ತದೆ. ಒಂದು ತಟ್ಟೆಯಲ್ಲಿ 74ರಿಂದ 80 ನಿಮಿಷಗಳ ಸಂಗೀತ ಹಿಡಿಯುತ್ತದೆ.

ಭಾರತದಲ್ಲಿ 1980 ಮತ್ತು 1990ರ ದಶಕಗಳು ಮುಖ್ಯವಾಗಿ ಕ್ಯಾಸೆಟ್ಟಿನ ಕಾಲ. ಸಿ.ಡಿ. ಬಳಕೆಗೆ ಬಂದ ಮೇಲೆ ಹಿಂದಿನ ತಲೆಮಾರಿನ ಸಂಗೀತಗಾರರ ಎಷ್ಟೋ ಧ್ವನಿಮುದ್ರಣಗಳು ಹಳೆಯ ಟೇಪು ಮತ್ತು ತಟ್ಟೆಗಳಿಂದ ಸಿ.ಡಿ.ಗೆ ಬಂದವು. ಅನಂತರ ಒಂದೇ ತಟ್ಟೆಯಲ್ಲಿ ಹಲವು ಗಂಟೆಗಳ ಹಾಡುಗಳನ್ನು ತುಂಬಿದ ಎಂಪಿ3 ಸಿ.ಡಿ.ಗಳೂ ಮಾರಾಟವಾದವು. ಅಂತರ್ಜಾಲದ ಮೂಲಕ ಸಂಗೀತ ಕೇಳುವ ಪದ್ಧತಿ ಬೆಳೆದಂತೆ ಗಣಕಯಂತ್ರಗಳಲ್ಲಿಯೂ ಕಾರುಗಳಲ್ಲಿಯೂ ಸಿ.ಡಿ. ಓದುವ ಸಾಧನ ಮಾಯವಾಗುತ್ತ ಬಂದಿದೆ. ಆದರೆ ಸಿ.ಡಿ.ಯಲ್ಲಿ ಬಂದ ಎಲ್ಲ ಸಂಗೀತವೂ ಅಂತರ್ಜಾಲದ ಸೇವೆಗಳಲ್ಲಿ ದೊರೆಯುವುದಿಲ್ಲ. ಮುಚ್ಚಿಹೋದ ಸಣ್ಣ ಸಂಸ್ಥೆಗಳ ಪ್ರಕಟಣೆಗಳು, ಸಭೆಗಳು ಸ್ಮರಣಾರ್ಥ ಹೊರತಂದ ತಟ್ಟೆಗಳು ಮತ್ತು ಖಾಸಗಿ ಕಛೇರಿಗಳ ಧ್ವನಿಮುದ್ರಣಗಳು ಮನೆಯ ಸಂಗ್ರಹಗಳಲ್ಲಿ ಮಾತ್ರ ಉಳಿದಿರುವುದುಂಟು.

## ಕರಾವಳಿಯ ಸಂದರ್ಭ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ. ಕಟಪಾಡಿಗೆ ಸಮೀಪದ ಮಟ್ಟು, ಕಾಪು, ಮಲ್ಪೆ ಮೊದಲಾದ ಕಡಲ ತೀರದ ಊರುಗಳಲ್ಲಿ ಮಳೆಗಾಲದ ತೇವದೊಂದಿಗೆ ಉಪ್ಪು ಗಾಳಿಯೂ ಸೇರುತ್ತದೆ. ಸಿ.ಡಿ.ಯ ಬೆಳಕನ್ನು ಪ್ರತಿಫಲಿಸುವ ಪದರ ತೆಳುವಾದ ಅಲ್ಯೂಮಿನಿಯಂ. ಅದನ್ನು ಕಾಯುವುದು ಹೆಸರು ಮುದ್ರಿಸಿದ ಬದಿಯ ಮೆರುಗೆಣ್ಣೆಯ ಲೇಪ. ಆ ಲೇಪ ಗೀರಿಹೋದರೆ ಅಥವಾ ಅಂಚಿನಲ್ಲಿ ಬಿರಿದರೆ ಗಾಳಿ ಮತ್ತು ತೇವ ಒಳಹೊಕ್ಕು ಲೋಹ ಆಕ್ಸೈಡಾಗುತ್ತದೆ. ಅಂತಹ ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಷ್ಟು ತೂತುಗಳು ಕಾಣಿಸುತ್ತವೆ. ಆದುದರಿಂದ ಹೊಳೆಯುವ ಬದಿಯ ಗೀರಿಗಿಂತ ಹೆಸರು ಬರೆದ ಬದಿಯ ಗೀರು ಹೆಚ್ಚು ಅಪಾಯಕಾರಿ. ಹೊಳೆಯುವ ಬದಿಯ ಗೀರು ಬಹುತೇಕ ಪ್ಲಾಸ್ಟಿಕ್ಕಿನಲ್ಲಿಯೇ ನಿಲ್ಲುತ್ತದೆ.

ತಟ್ಟೆಗಿಂತ ಮೊದಲು ಹಾಳಾಗುವುದು ಕಾಗದ. ಪೆಟ್ಟಿಗೆಯೊಳಗಿನ ಹಾಳೆಗೆ ಬೂಷ್ಟು ಹಿಡಿದು ಪ್ಲಾಸ್ಟಿಕ್ಕಿಗೆ ಅಂಟಿಕೊಂಡರೆ ಪಕ್ಕವಾದ್ಯದವರ ಹೆಸರು, ಮುದ್ರಣದ ವರ್ಷ ಮುಂತಾದ ವಿವರಗಳು ಕೈತಪ್ಪುತ್ತವೆ. ಮನೆಯಲ್ಲಿಯೇ ಬರೆದ ಸಿ.ಡಿ.ಗಳಲ್ಲಿ ದತ್ತಾಂಶ ಇರುವುದು ಬಣ್ಣದ ಪದರದಲ್ಲಿ. ಬಿಸಿಲು ಮತ್ತು ಸೆಕೆಗೆ ಅದು ಮಾಸುವುದರಿಂದ ಇಂತಹವುಗಳನ್ನು ಅಂಗಡಿಯಲ್ಲಿ ಕೊಂಡ ತಟ್ಟೆಗಳಿಗಿಂತ ಮೊದಲೇ ನಕಲಿಸುವುದು ಉಚಿತ.

ಧ್ವನಿಸಂಗ್ರಹವನ್ನು ಶಾಸ್ತ್ರೀಯವಾಗಿ ದಾಖಲಿಸುವ ಪರಿಪಾಠ ಈ ಪ್ರದೇಶಕ್ಕೆ ಹೊಸತಲ್ಲ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು. ಶಿ. ಹರಿದಾಸ ಭಟ್ಟರ ನೇತೃತ್ವದಲ್ಲಿ, ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಆರಂಭವಾದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರವು ಕರಾವಳಿಯ ಪ್ರದರ್ಶನ ಕಲೆಗಳ ಧ್ವನಿ ಮತ್ತು ದೃಶ್ಯ ದಾಖಲೀಕರಣಕ್ಕೆ ಹೆಸರಾಗಿದೆ. 1990ರ ಡಿಸೆಂಬರಿನಲ್ಲಿ ಫಿನ್‌ಲೆಂಡಿನ ವಿದ್ವಾಂಸ ಲೌರಿ ಹೊಂಕೊ, ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ತಂಡವು ಬೆಳ್ತಂಗಡಿ ಸೀಮೆಯ ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಕಾವ್ಯವನ್ನು ಧ್ವನಿಮುದ್ರಿಸಿತು. 1998ರಲ್ಲಿ ಅದು 15,683 ಸಾಲುಗಳ ಗ್ರಂಥವಾಗಿ ಪ್ರಕಟವಾಯಿತು. ಹಾಡಿದವರು ಯಾರು, ಯಾವಾಗ, ಯಾವ ಸಂದರ್ಭದಲ್ಲಿ ಎಂಬ ದಾಖಲೆ ಧ್ವನಿಯ ಜೊತೆಯಲ್ಲಿಯೇ ಉಳಿದುದರಿಂದ ಆ ಮುದ್ರಣ ಅಧ್ಯಯನಕ್ಕೆ ಆಧಾರವಾಯಿತು. ಮನೆಯ ಸಂಗ್ರಹದ ಪ್ರಮಾಣ ಚಿಕ್ಕದಾದರೂ ಇದೇ ತತ್ತ್ವ ಅದಕ್ಕೂ ಅನ್ವಯಿಸುತ್ತದೆ.

## ಧ್ವನಿಯನ್ನು ನಕಲಿಸುವುದು

### ದೋಷ ಮತ್ತು ಪರಿಶೀಲನೆ

ಆಡಿಯೋ ಸಿ.ಡಿ.ಯಲ್ಲಿ ರೀಡ್–ಸಾಲೊಮನ್ ಸಂಕೇತವನ್ನು ಆಧರಿಸಿದ ದೋಷ ತಿದ್ದುವ ವ್ಯವಸ್ಥೆಯಿದೆ. ಸಣ್ಣ ಗೀರುಗಳಿಂದ ಓದಲಾಗದ ಬಿಟ್‌ಗಳನ್ನು ಇದು ಯಥಾವತ್ತಾಗಿ ಮರಳಿ ಕಟ್ಟಿಕೊಡುತ್ತದೆ. ಹಾನಿ ಅದರ ಮಿತಿಯನ್ನು ಮೀರಿದರೆ, ಸಿ.ಡಿ. ಪ್ಲೇಯರ್ ಹಿಂದಿನ ಮತ್ತು ಮುಂದಿನ ಅಳತೆಗಳನ್ನು ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ಕೇಳುವಾಗ ಇದು ಗೊತ್ತಾಗದಿರಬಹುದು. ಆದರೆ ಶಾಶ್ವತವಾಗಿ ಇಟ್ಟುಕೊಳ್ಳುವ ನಕಲಿನಲ್ಲಿ ಊಹೆಯೂ ಮೂಲದೊಂದಿಗೆ ಬೆರೆತುಹೋಗುತ್ತದೆ. ಗಣಕಯಂತ್ರದ ಕಡತಗಳನ್ನಿಡುವ ದತ್ತಾಂಶದ ಸಿ.ಡಿ.ಗಳಲ್ಲಿರುವ ಹೆಚ್ಚುವರಿ ದೋಷ ರಕ್ಷಣೆ ಆಡಿಯೋ ಸಿ.ಡಿ.ಗೆ ಇಲ್ಲದಿರುವುದರಿಂದ, ನಕಲು ಸರಿಯಾಗಿದೆಯೇ ಎಂಬುದನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.

ಇದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು, ಸಂಶಯ ಬಂದ ಭಾಗವನ್ನು ಮತ್ತೆ ಮತ್ತೆ ಓದಿ ಹೋಲಿಸುವುದು. ವಿಂಡೋಸ್‌ನಲ್ಲಿ ಎಕ್ಸಾಕ್ಟ್ ಆಡಿಯೋ ಕಾಪಿ, ಲಿನಕ್ಸ್‌ನಲ್ಲಿ ಸಿಡಿಪ್ಯಾರನೋಯಾ, ಮ್ಯಾಕ್‌ನಲ್ಲಿ ಎಕ್ಸ್‌ಎಲ್‌ಡಿ ಮೊದಲಾದ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಎರಡನೆಯದು, ನಕಲಿನಿಂದ ಲೆಕ್ಕಹಾಕಿದ ತಾಳೆಸಂಖ್ಯೆಯನ್ನು ಅದೇ ತಟ್ಟೆಯನ್ನು ನಕಲಿಸಿದ ಇತರರ ತಾಳೆಸಂಖ್ಯೆಯೊಂದಿಗೆ ಹೋಲಿಸುವುದು. ಆಕ್ಯುರೇಟ್‌ರಿಪ್ ಎಂಬ ಮಾಹಿತಿಕೋಶ ಇದಕ್ಕಾಗಿ ಇದೆ. ಅಪರೂಪದ ಭಾರತೀಯ ತಟ್ಟೆಗಳಿಗೆ ಅದರಲ್ಲಿ ದಾಖಲೆ ಸಿಗದಿರಬಹುದು. ಆಗ ಎರಡು ಬೇರೆ ಡ್ರೈವ್‌ಗಳಲ್ಲಿ ನಕಲಿಸಿ, ಎರಡರ ಫಲಿತಾಂಶವೂ ಒಂದೇ ಆಗಿದೆಯೇ ಎಂದು ನೋಡುವುದೇ ಉಳಿದಿರುವ ದಾರಿ.

ನಕಲಿಸುವ ಮೊದಲು ತಟ್ಟೆಯನ್ನು ಮೃದುವಾದ ಹತ್ತಿಬಟ್ಟೆಯಿಂದ ಒರೆಸಬೇಕು. ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸುವುದು ಕ್ರಮ. ಸುತ್ತಲೂ ಒರೆಸಿದರೆ ಧೂಳಿನಿಂದಾಗುವ ಗೀರು ದತ್ತಾಂಶದ ಸುರುಳಿಯ ದಿಕ್ಕಿನಲ್ಲಿಯೇ ಬಿದ್ದು, ಒಂದೇ ಕಡೆ ಉದ್ದಕ್ಕೆ ಹಾನಿಯಾಗುತ್ತದೆ.

### ಹಾಡುಗಳ ನಡುವಿನ ಸಂಧಿ

ಶಾಸ್ತ್ರೀಯ ಸಂಗೀತದ ಸಿ.ಡಿ.ಗಳಲ್ಲಿ ಒಂದೇ ಪ್ರಸ್ತುತಿ ಹಲವು ಟ್ರ್ಯಾಕ್‌ಗಳಾಗಿ ಒಡೆದಿರುತ್ತದೆ. ರಾಗಂ–ತಾನಂ–ಪಲ್ಲವಿಯಲ್ಲಿ ರಾಗಾಲಾಪನೆ, ತಾನ, ಪಲ್ಲವಿ, ತನಿ ಆವರ್ತನಗಳಿಗೆ ಪ್ರತ್ಯೇಕ ಸಂಖ್ಯೆಗಳಿರಬಹುದು. ಖಯಾಲಿನಲ್ಲಿ ವಿಲಂಬಿತ ಮತ್ತು ದ್ರುತ ಬಂದಿಶ್‌ಗಳು ಬೇರೆ ಬೇರೆ ಟ್ರ್ಯಾಕ್‌ಗಳಾಗಿರಬಹುದು. ಆದರೆ ತಂಬೂರಿಯ ನಾದ ಎಲ್ಲಿಯೂ ಕಡಿಯುವುದಿಲ್ಲ. ಎಂಪಿ3 ವಿಧಾನವು ಧ್ವನಿಯನ್ನು 1,152 ಅಳತೆಗಳ ತುಣುಕುಗಳಾಗಿ ಕತ್ತರಿಸುವುದರಿಂದ ಪ್ರತಿ ಕಡತದ ಆರಂಭ ಮತ್ತು ಕೊನೆಯಲ್ಲಿ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಪ್ಲೇಯರ್ ಅದನ್ನು ಕಳೆಯದಿದ್ದರೆ ತಂಬೂರಿ ಒಂದು ಕ್ಷಣ ತಡವರಿಸಿದಂತೆ ಕೇಳುತ್ತದೆ. ನಷ್ಟರಹಿತ ವಿಧಾನಗಳಲ್ಲಿ ಈ ಸಮಸ್ಯೆ ಇಲ್ಲ. ಹಾಡುಗಳನ್ನು ಮನಬಂದ ಕ್ರಮದಲ್ಲಿ ನುಡಿಸುವ ವ್ಯವಸ್ಥೆಯಲ್ಲಿ ಆಲಾಪನೆಯಿಲ್ಲದೆ ಪಲ್ಲವಿ, ಕೃತಿಯಿಲ್ಲದೆ ತನಿ ಬರುವುದನ್ನು ತಪ್ಪಿಸಲು, ಒಂದೇ ಪ್ರಸ್ತುತಿಯ ಟ್ರ್ಯಾಕ್‌ಗಳನ್ನು ಒಟ್ಟುಗೂಡಿಸಿ ಒಂದೇ ಕಡತವಾಗಿಡುವ ಪದ್ಧತಿಯೂ ಇದೆ.

## ಕಡತದ ಸ್ವರೂಪ

ಮೂಲಪ್ರತಿಯಾಗಿ ಇಡಲು ನಷ್ಟರಹಿತ ಸಂಕೋಚನವೇ ಸೂಕ್ತ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 2001ರಲ್ಲಿ ಬಂದ, ಮುಕ್ತ ಪರವಾನಗಿಯ ಫ್ಲಾಕ್. ಇದು ಧ್ವನಿಯ ಒಂದು ಬಿಟ್ ಕೂಡ ಕಳೆಯದೆ ಗಾತ್ರವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಒಂದು ಗಂಟೆಯ ಸಿ.ಡಿ. ಮೂಲದಲ್ಲಿ ಸುಮಾರು 635 ಮೆಗಾಬೈಟ್ ಇದ್ದರೆ ಫ್ಲಾಕ್‌ನಲ್ಲಿ ಸಾಮಾನ್ಯವಾಗಿ 300ರಿಂದ 400 ಮೆಗಾಬೈಟ್ ಆಗುತ್ತದೆ. ಈ ಲೆಕ್ಕದಲ್ಲಿ 300 ಸಿ.ಡಿ.ಗಳ ಸಂಗ್ರಹಕ್ಕೆ ಸುಮಾರು 100 ಗಿಗಾಬೈಟ್ ಸ್ಥಳ ಸಾಕು. ಮೂಲ ಧ್ವನಿಯ ತಾಳೆಸಂಖ್ಯೆಯನ್ನು ಫ್ಲಾಕ್ ಕಡತ ತನ್ನೊಳಗೇ ಇಟ್ಟುಕೊಳ್ಳುವುದರಿಂದ, ವರ್ಷಗಳ ನಂತರವೂ ಕಡತ ಕೆಟ್ಟಿದೆಯೇ ಎಂದು ಪರೀಕ್ಷಿಸಬಹುದು.

ಎಂಪಿ3, ಎಎಸಿ, ಓಪಸ್ ವಿಧಾನಗಳು ಕಿವಿಗೆ ಕೇಳಿಸದೆಂದು ಎಣಿಸಿದ ಅಂಶಗಳನ್ನು ಬಿಟ್ಟುಬಿಡುತ್ತವೆ. ಮೊಬೈಲಿನಲ್ಲಿ ಕೇಳಲು ಇವು ಸಾಕು. ಫ್ಲಾಕ್ ಪ್ರತಿಯಿಂದ ಬೇಕಾದಾಗ ಇವನ್ನು ತಯಾರಿಸಿಕೊಳ್ಳಬಹುದು. ಇದರ ಹಿಮ್ಮುಖ ಪರಿವರ್ತನೆಯಿಂದ ಪ್ರಯೋಜನವಿಲ್ಲ. ಎಂಪಿ3 ಸಿ.ಡಿ.ಯಲ್ಲಿರುವ ಹಾಡುಗಳನ್ನು ಫ್ಲಾಕ್‌ಗೆ ಬದಲಿಸಿದರೆ ಗಾತ್ರ ಹೆಚ್ಚುತ್ತದೆಯೇ ಹೊರತು ಕಳೆದುಹೋದ ಅಂಶ ಮರಳುವುದಿಲ್ಲ. ಅಂತಹ ಕಡತಗಳನ್ನು ಇದ್ದಂತೆಯೇ ಉಳಿಸಿಕೊಳ್ಳಬೇಕು.

ಮೂಲಪ್ರತಿಯ ಶ್ರುತಿ, ವೇಗ ಅಥವಾ ಧ್ವನಿಯ ಏರಿಳಿತವನ್ನು ತಿದ್ದಬಾರದು. ಹಾಡಿನಿಂದ ಹಾಡಿಗೆ ಧ್ವನಿಯ ಮಟ್ಟ ಬದಲಾಗುವುದು ತೊಡಕೆನಿಸಿದರೆ, ಕಡತವನ್ನು ಮುಟ್ಟದೆ ನುಡಿಸುವಾಗ ಮಾತ್ರ ಮಟ್ಟ ಹೊಂದಿಸುವ ರಿಪ್ಲೇಗೇನ್ ಎಂಬ ವ್ಯವಸ್ಥೆಯನ್ನು ಬಳಸಬಹುದು.

## ವಿವರಗಳ ದಾಖಲೀಕರಣ

ಕಡತದೊಳಗೆ ಬರೆದಿಡುವ ವಿವರಗಳಿಗೆ ಟ್ಯಾಗ್ ಎಂದು ಹೆಸರು. ಸಾಮಾನ್ಯ ತಂತ್ರಾಂಶಗಳು ಹಾಡು, ಕಲಾವಿದ, ಆಲ್ಬಮ್ ಎಂಬ ಮೂರು ವಿವರಗಳನ್ನು ಮುಖ್ಯವಾಗಿ ಕೇಳುತ್ತವೆ. ಪಾಶ್ಚಾತ್ಯ ಜನಪ್ರಿಯ ಸಂಗೀತಕ್ಕೆ ಹೊಂದುವ ಈ ಮಾದರಿ ಭಾರತೀಯ ಶಾಸ್ತ್ರೀಯ ಸಂಗೀತಕ್ಕೆ ಸಾಲದು. ಫ್ಲಾಕ್‌ನಲ್ಲಿ ರಾಗ, ತಾಳ, ಪಕ್ಕವಾದ್ಯ, ಅಂಕಿತ ಮುಂತಾದ ಹೊಸ ಅಂಕಣಗಳನ್ನು ಸೇರಿಸಲು ಮತ್ತು ಒಂದೇ ಅಂಕಣದಲ್ಲಿ ಹಲವು ಹೆಸರುಗಳನ್ನು ನೀಡಲು ಅವಕಾಶವಿದೆ.

### ಕಲಾವಿದರು

ಪ್ರಧಾನ ಕಲಾವಿದರ ಹೆಸರನ್ನು ಆಲ್ಬಮ್ಮಿನ ಕಲಾವಿದರೆಂದು, ಪಿಟೀಲು, ಮೃದಂಗ, ಘಟ, ತಬಲಾ, ಹಾರ್ಮೋನಿಯಂ ವಾದಕರ ಹೆಸರುಗಳನ್ನು ವಾದ್ಯದೊಂದಿಗೆ ಪ್ರತ್ಯೇಕವಾಗಿ ದಾಖಲಿಸಲಾಗುತ್ತದೆ. ಕುಲನಾಮದ ಅಕಾರಾದಿಯಲ್ಲಿ ಹೆಸರುಗಳನ್ನು ಜೋಡಿಸುವ ಪಾಶ್ಚಾತ್ಯ ಕ್ರಮ ದಕ್ಷಿಣ ಭಾರತದ ಹೆಸರುಗಳಿಗೆ ಹೊಂದುವುದಿಲ್ಲ. ಆರ್. ಕೆ. ಶ್ರೀಕಂಠನ್ ಅವರ ಹೆಸರಿನ ಮೊದಲ ಅಕ್ಷರ ರುದ್ರಪಟ್ಟಣವೆಂಬ ಊರನ್ನು, ಎರಡನೆಯದು ತಂದೆಯ ಹೆಸರನ್ನು ಸೂಚಿಸುತ್ತದೆ. ಎಂ. ಎಸ್. ಸುಬ್ಬುಲಕ್ಷ್ಮಿ ಮತ್ತು ಎಂ. ಎಲ್. ವಸಂತಕುಮಾರಿ ಅವರ ಹೆಸರುಗಳಲ್ಲಿ ಎರಡನೆಯ ಅಕ್ಷರ ತಾಯಿಯದು: ಷಣ್ಮುಖವಡಿವು ಮತ್ತು ಲಲಿತಾಂಗಿ. ಆದ್ದರಿಂದ ಹೆಸರನ್ನು ರೂಢಿಯಲ್ಲಿರುವಂತೆಯೇ ಬರೆದು, ಸಂಗ್ರಹದುದ್ದಕ್ಕೂ ಒಂದೇ ರೂಪವನ್ನು ಬಳಸುವುದು ಸೂಕ್ತ.

### ರಚನೆಕಾರರು ಮತ್ತು ಅಂಕಿತ

ದೇವರನಾಮಗಳ ಅನೇಕ ಸಿ.ಡಿ.ಗಳಲ್ಲಿ ಗಾಯಕರ ಹೆಸರಷ್ಟೇ ಇದ್ದು ರಚನೆಕಾರರ ಹೆಸರು ಇರುವುದಿಲ್ಲ. ಇಂತಹ ಕಡೆ ಅಂಕಿತವೇ ಆಧಾರ. ಹಾಡಿನ ಕೊನೆಯ ಚರಣದಲ್ಲಿ ಸಾಮಾನ್ಯವಾಗಿ ಬರುವ ಈ ಮುದ್ರಿಕೆಯಿಂದ ರಚನೆಕಾರರನ್ನು ಗುರುತಿಸಬಹುದು. ಪ್ರಮುಖ ಅಂಕಿತಗಳು ಹೀಗಿವೆ:

- ಶ್ರೀಪಾದರಾಜರು – ರಂಗವಿಠಲ
- ವ್ಯಾಸರಾಯರು – ಶ್ರೀಕೃಷ್ಣ, ಸಿರಿಕೃಷ್ಣ
- ವಾದಿರಾಜರು – ಹಯವದನ
- ಪುರಂದರದಾಸರು – ಪುರಂದರವಿಠಲ
- ಕನಕದಾಸರು – ಕಾಗಿನೆಲೆಯಾದಿಕೇಶವ
- ವಿಜಯದಾಸರು – ವಿಜಯವಿಠಲ
- ಜಗನ್ನಾಥದಾಸರು – ಜಗನ್ನಾಥವಿಠಲ

ಕೃತಿಗಳಲ್ಲಿಯೂ ಇದೇ ಕ್ರಮವಿದೆ: ತ್ಯಾಗರಾಜರಿಗೆ ಅವರ ಹೆಸರೇ ಮುದ್ರೆ, ಮುತ್ತುಸ್ವಾಮಿ ದೀಕ್ಷಿತರಿಗೆ ಗುರುಗುಹ, ಶ್ಯಾಮಾಶಾಸ್ತ್ರಿಗಳಿಗೆ ಶ್ಯಾಮಕೃಷ್ಣ, ಜಯಚಾಮರಾಜ ಒಡೆಯರಿಗೆ ಶ್ರೀವಿದ್ಯಾ.

ಅಂಕಿತವನ್ನು ಪೂರ್ತಿಯಾಗಿ ಕೇಳಿಯೇ ಬರೆದುಕೊಳ್ಳಬೇಕು. ವಿಠಲ ಎಂಬ ಪದ ಹಲವು ದಾಸರ ಅಂಕಿತಗಳಲ್ಲಿ ಬರುವುದರಿಂದ ಅದೊಂದನ್ನೇ ನೆಚ್ಚಿದರೆ ಎಲ್ಲವೂ ಪುರಂದರದಾಸರ ಖಾತೆಗೆ ಸೇರುವ ಅಪಾಯವಿದೆ. ಸಮಯದ ಮಿತಿಯಿಂದ ಗಾಯಕರು ಕೊನೆಯ ಚರಣವನ್ನು ಬಿಟ್ಟಿದ್ದರೆ ಅಂಕಿತವೇ ಕೇಳಿಸುವುದಿಲ್ಲ. ಆಗ ಮುದ್ರಿತ ಕೀರ್ತನ ಸಂಪುಟಗಳನ್ನು ನೋಡಬೇಕಾಗುತ್ತದೆ. ಮಟ್ಟುಗುಳ್ಳದ ಬೀಜ ಕೊಟ್ಟವರೆಂದು ಮಟ್ಟುವಿನ ಐತಿಹ್ಯ ನೆನೆಯುವ ವಾದಿರಾಜರ ಹಾಡುಗಳನ್ನು ಹಯವದನ ಎಂಬ ಅಂಕಿತದಿಂದ ಸುಲಭವಾಗಿ ಬೇರ್ಪಡಿಸಬಹುದು.

### ರಾಗ ಮತ್ತು ಪದ್ಧತಿ

ತ್ಯಾಗರಾಜರ ಕೃತಿಗಳಂತಹ ರಚನೆಗಳಲ್ಲಿ ರಾಗ ಸಾಮಾನ್ಯವಾಗಿ ರಚನೆಯೊಂದಿಗೇ ನಿಶ್ಚಿತವಾಗಿರುತ್ತದೆ. ಅನೇಕ ದಾಸರ ಪದಗಳ ಮೂಲ ಧಾಟಿ ಉಳಿದಿಲ್ಲ. ನಂತರದ ಸಂಗೀತಗಾರರು ರಾಗ ಸಂಯೋಜಿಸಿದ್ದಾರೆ. ಒಂದೇ ಪದವನ್ನು ಇಬ್ಬರು ಗಾಯಕರು ಬೇರೆ ಬೇರೆ ರಾಗಗಳಲ್ಲಿ ಹಾಡಿರುವುದು ಇದರಿಂದಲೇ. ಆದುದರಿಂದ ದಾಸರ ಪದಗಳಲ್ಲಿ ರಾಗವನ್ನು ರಚನೆಯ ವಿವರವೆಂದು ಬಗೆಯದೆ ಆ ಪ್ರಸ್ತುತಿಯ ವಿವರವೆಂದು ದಾಖಲಿಸಬೇಕು.

ಪದ್ಧತಿಯನ್ನು ಬರೆಯದೆ ರಾಗದ ಹೆಸರನ್ನಷ್ಟೇ ಬರೆದರೆ ಗೊಂದಲವುಂಟಾಗುತ್ತದೆ. ಕರ್ನಾಟಕ ಸಂಗೀತದ ತೋಡಿಯೂ ಹಿಂದುಸ್ತಾನಿಯ ತೋಡಿಯೂ ಬೇರೆ. ಹಿಂದುಸ್ತಾನಿ ತೋಡಿಯ ಸ್ವರಗಳಿಗೆ ಸಮೀಪವಾದುದು ಕರ್ನಾಟಕದ ಶುಭಪಂತುವರಾಳಿ. ಭೈರವಿ, ಹಿಂದೋಳ ಎಂಬ ಹೆಸರುಗಳಿಗೂ ಎರಡು ಪದ್ಧತಿಗಳಲ್ಲಿ ಒಂದೇ ಅರ್ಥವಿಲ್ಲ. ಬದಲಾಗಿ ಮೋಹನ ಮತ್ತು ಭೂಪ್, ಹಿಂದೋಳ ಮತ್ತು ಮಾಲಕೌಂಸ್ ಹೆಸರು ಬೇರೆಯಾದರೂ ಸ್ವರಗಳಲ್ಲಿ ಸಮಾನವಾಗಿವೆ.

### ಒಂದು ಉದಾಹರಣೆ

| ಅಂಕಣ | ವಿವರ |
|---|---|
| ಶೀರ್ಷಿಕೆ | ಕೃಷ್ಣಾ ನೀ ಬೇಗನೆ ಬಾರೋ |
| ರಚನೆ | ವ್ಯಾಸರಾಯರು |
| ಪ್ರಕಾರ | ದೇವರನಾಮ |
| ಭಾಷೆ | ಕನ್ನಡ |
| ರಾಗ | ಯಮುನಾಕಲ್ಯಾಣಿ |
| ತಾಳ | ಮಿಶ್ರಛಾಪು |
| ಪದ್ಧತಿ | ಕರ್ನಾಟಕ ಸಂಗೀತ |
| ಗಾಯನ, ಪಕ್ಕವಾದ್ಯ | ತಟ್ಟೆಯ ಹಾಳೆಯಲ್ಲಿರುವಂತೆ |
| ಮುದ್ರಣದ ವರ್ಷ, ಸಿ.ಡಿ. ವರ್ಷ | ಎರಡನ್ನೂ ಪ್ರತ್ಯೇಕವಾಗಿ |

ಕೊನೆಯ ಸಾಲು ಮುಖ್ಯವಾದುದು. ಹಳೆಯ ಮುದ್ರಣಗಳ ಸಿ.ಡಿ.ಗಳಲ್ಲಿ ಕಾಣುವ ವರ್ಷ ಬಹುತೇಕ ಮರುಪ್ರಕಟಣೆಯದು. ಅದನ್ನೇ ಹಾಡಿದ ವರ್ಷವೆಂದು ಬರೆದರೆ ಗಾಯಕರ ನಿಧನಾನಂತರದ ದಿನಾಂಕವೂ ದಾಖಲಾಗಬಹುದು.

ಯಕ್ಷಗಾನದ ಸಿ.ಡಿ.ಗಳಿಗೆ ಅಂಕಣಗಳು ಬೇರೆ: ಪ್ರಸಂಗ, ಪ್ರಸಂಗಕರ್ತ, ತಿಟ್ಟು, ಭಾಗವತರು, ಮದ್ದಳೆ, ಚೆಂಡೆ, ತಾಳಮದ್ದಳೆಯಾದರೆ ಅರ್ಥಧಾರಿಗಳು ಮತ್ತು ಅವರ ಪಾತ್ರಗಳು. ಬಡಗುತಿಟ್ಟಿನ ಭಾಗವತ ಕಾಳಿಂಗ ನಾವಡ (1958–1990) ಅವರಂತೆ ಅಲ್ಪಾಯುಷ್ಯದಲ್ಲಿ ಅಗಲಿದವರ ದನಿ ಉಳಿದಿರುವುದು ಕ್ಯಾಸೆಟ್ ಕಾಲದ ಮುದ್ರಣಗಳಲ್ಲಿ. ಇಂತಹವುಗಳಲ್ಲಿ ಹಿಮ್ಮೇಳದವರ ಹೆಸರನ್ನು ಬಲ್ಲವರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕಾಗುತ್ತದೆ.

## ಕನ್ನಡ ಲಿಪಿಯ ಸಮಸ್ಯೆಗಳು

ಫ್ಲಾಕ್‌ನ ಟ್ಯಾಗ್‌ಗಳು ಯೂನಿಕೋಡನ್ನು ಬಳಸುವುದರಿಂದ ಕನ್ನಡದಲ್ಲಿ ಬರೆಯಲು ತೊಂದರೆಯಿಲ್ಲ. ಎಂಪಿ3ಗೆ ಬಳಸುವ ಐಡಿ3 ಟ್ಯಾಗ್‌ನ ಮೊದಲ ಆವೃತ್ತಿಯಲ್ಲಿ ಶೀರ್ಷಿಕೆಗೆ 30 ಅಕ್ಷರಗಳ ಮಿತಿಯಿತ್ತು ಮತ್ತು ಕನ್ನಡಕ್ಕೆ ಅವಕಾಶವಿರಲಿಲ್ಲ. ಎರಡನೆಯ ಆವೃತ್ತಿಯನ್ನೇ ಬಳಸಬೇಕು. ಯೂನಿಕೋಡ್‌ಗಿಂತ ಹಿಂದಿನ ಕನ್ನಡ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಹಳೆಯ ಪಟ್ಟಿಗಳು ನೇರವಾಗಿ ನಕಲಿಸಿದಾಗ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಅವನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು.

ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳು ಗಣಕಯಂತ್ರಕ್ಕೆ ಬೇರೆಯಾಗಿರುವುದುಂಟು. ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಬಳಸುವ ಅಗೋಚರ ಸಂಕೇತ ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಒಬ್ಬನೇ ಕಲಾವಿದನ ಹಾಡುಗಳು ಎರಡು ಹೆಸರುಗಳಡಿಯಲ್ಲಿ ಹಂಚಿಹೋಗುತ್ತವೆ. ರೋಮನ್ ಲಿಪಿಯಲ್ಲಿ ಬರೆಯುವವರು ಎದುರಿಸುವ ಸಮಸ್ಯೆ ಬೇರೆ: ದಕ್ಷಿಣದಲ್ಲಿ ತಕಾರವನ್ನು ಬರೆಯುವ ರೀತಿಯೂ ಉತ್ತರದ ರೀತಿಯೂ ಭಿನ್ನವಾದುದರಿಂದ ಒಂದೇ ರಾಗಕ್ಕೆ ಹಲವು ಕಾಗುಣಿತಗಳು ಉಂಟಾಗುತ್ತವೆ. ರಾಗ ಮತ್ತು ಕಲಾವಿದರ ಹೆಸರುಗಳ ಒಂದು ಪಟ್ಟಿಯನ್ನು ಮೊದಲೇ ಮಾಡಿಕೊಂಡು, ಅದರಿಂದಲೇ ನಕಲಿಸಿ ಅಂಟಿಸುವುದು ಈ ಎರಡಕ್ಕೂ ಪರಿಹಾರ.

## ಫೋಲ್ಡರುಗಳ ವ್ಯವಸ್ಥೆ

ವಿವರಗಳು ಟ್ಯಾಗ್‌ನಲ್ಲಿಯೇ ಇರುವುದರಿಂದ ಫೋಲ್ಡರುಗಳ ರಚನೆ ಸರಳವಾಗಿದ್ದರೆ ಸಾಕು. ಪದ್ಧತಿ, ಅದರೊಳಗೆ ಪ್ರಧಾನ ಕಲಾವಿದರು, ಅದರೊಳಗೆ ತಟ್ಟೆಯ ಹೆಸರು ಮತ್ತು ವರ್ಷ ಎಂಬ ಮೂರು ಹಂತಗಳು ಸಾಮಾನ್ಯ. ಕಡತದ ಹೆಸರು 01, 02 ಎಂದು ಎರಡಂಕಿಯಿಂದ ಆರಂಭವಾದರೆ ಕ್ರಮ ತಪ್ಪುವುದಿಲ್ಲ. ಲಿನಕ್ಸ್‌ನ ಬಹುತೇಕ ವ್ಯವಸ್ಥೆಗಳಲ್ಲಿ ಕಡತದ ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ, ಒತ್ತಕ್ಷರ ಮತ್ತು ಗುಣಿತ ಚಿಹ್ನೆಗಳೂ ಸೇರಿ ಸುಮಾರು 85 ಸಂಕೇತಗಳಷ್ಟೇ ಹಿಡಿಯುತ್ತವೆ. ಹೆಸರನ್ನು ಚಿಕ್ಕದಾಗಿಟ್ಟು ಉಳಿದುದನ್ನು ಟ್ಯಾಗ್‌ಗೆ ಬಿಡುವುದು ಒಳ್ಳೆಯದು.

ಪೆಟ್ಟಿಗೆಯ ಮುಖಪುಟ, ಹಿಂಬದಿ ಮತ್ತು ಒಳಹಾಳೆಗಳನ್ನು ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿ ಇಡಬೇಕು. ಟ್ಯಾಗ್ ಬರೆಯುವಾಗ ತಪ್ಪಾದರೂ ಮೂಲವನ್ನು ನೋಡಿ ತಿದ್ದಲು ಇದರಿಂದ ಸಾಧ್ಯವಾಗುತ್ತದೆ.

## ಸಾರ್ವಜನಿಕ ಮಾಹಿತಿಕೋಶಗಳು

ಆಡಿಯೋ ಸಿ.ಡಿ.ಯ ಬಹುತೇಕ ತಟ್ಟೆಗಳಲ್ಲಿ ಹಾಡಿನ ಹೆಸರು ದಾಖಲಾಗಿರುವುದಿಲ್ಲ. ತಂತ್ರಾಂಶಗಳು ಟ್ರ್ಯಾಕ್‌ಗಳ ಸಂಖ್ಯೆ ಮತ್ತು ಅವಧಿಯನ್ನು ಅಂತರ್ಜಾಲದ ಮಾಹಿತಿಕೋಶದೊಂದಿಗೆ ಹೋಲಿಸಿ ಹೆಸರು ತರುತ್ತವೆ. ಆ ವಿವರಗಳನ್ನು ಬರೆದವರೂ ಬಳಕೆದಾರರೇ ಆದುದರಿಂದ ಒಳಹಾಳೆಯೊಂದಿಗೆ ತಾಳೆ ನೋಡದೆ ಸ್ವೀಕರಿಸಬಾರದು.

ಸ್ವಯಂಸೇವಕರು ಬೆಳೆಸುವ ಮ್ಯೂಸಿಕ್‌ಬ್ರೈನ್ಜ್ ಮಾಹಿತಿಕೋಶದಲ್ಲಿ ರಚನೆಗಳಿಗೆ ರಾಗ ಮತ್ತು ತಾಳವನ್ನು ನಮೂದಿಸುವ ಅಂಕಣಗಳಿವೆ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಕ್ಸೇವಿಯರ್ ಸೆರ್ರಾ ಅವರ ನೇತೃತ್ವದಲ್ಲಿ 2011ರಲ್ಲಿ ಆರಂಭವಾದ ಕಾಂಪ್‌ಮ್ಯೂಸಿಕ್ ಯೋಜನೆಯು ಮದರಾಸಿನ ಐ.ಐ.ಟಿ. ಮೊದಲಾದ ಸಂಸ್ಥೆಗಳ ಸಹಯೋಗದಲ್ಲಿ ಕರ್ನಾಟಕ ಮತ್ತು ಹಿಂದುಸ್ತಾನಿ ಸಂಗೀತದ ಸಿ.ಡಿ.ಗಳ ದೊಡ್ಡ ಸಂಗ್ರಹವನ್ನು ರಚಿಸಿ, ಅವುಗಳ ವಿವರಗಳನ್ನು ಮ್ಯೂಸಿಕ್‌ಬ್ರೈನ್ಜ್‌ನಲ್ಲಿ ದಾಖಲಿಸಿತು. ಮನೆಯ ಸಂಗ್ರಹದಲ್ಲಿರುವ ಅಪರೂಪದ ತಟ್ಟೆಯ ವಿವರಗಳನ್ನು ಅಲ್ಲಿ ಸೇರಿಸಿದರೆ ಮುಂದೆ ಅದೇ ತಟ್ಟೆಯನ್ನು ಹುಡುಕುವವರಿಗೆ ಅದು ದೊರೆಯುತ್ತದೆ. ಇಲ್ಲಿ ಹಂಚಿಕೆಯಾಗುವುದು ವಿವರ ಮಾತ್ರ, ಧ್ವನಿಯಲ್ಲ.

## ಸುರಕ್ಷತೆ

ನಕಲಿಸಿದ ಕಡತಗಳು ಒಂದೇ ಹಾರ್ಡ್ ಡಿಸ್ಕಿನಲ್ಲಿದ್ದರೆ ಅದು ಕೆಟ್ಟ ದಿನವೇ ಇಡೀ ಸಂಗ್ರಹ ನಾಶವಾಗುತ್ತದೆ. ಮೂರು ಪ್ರತಿಗಳು, ಎರಡು ಬಗೆಯ ಮಾಧ್ಯಮಗಳು, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬುದು ಸಾಮಾನ್ಯ ನಿಯಮ. ಸಿಡಿಲು ಮತ್ತು ವಿದ್ಯುತ್ ಏರಿಳಿತ ಹೆಚ್ಚಿರುವ ಕರಾವಳಿಯಲ್ಲಿ ಕನಿಷ್ಠ ಒಂದು ಪ್ರತಿಯನ್ನು ವಿದ್ಯುತ್ ಸಂಪರ್ಕದಿಂದ ಕಳಚಿಡುವುದು ಅಗತ್ಯ. ವರ್ಷಕ್ಕೊಮ್ಮೆ ತಾಳೆಸಂಖ್ಯೆಗಳನ್ನು ಪರೀಕ್ಷಿಸಿದರೆ ಕೆಟ್ಟ ಕಡತವನ್ನು ಉತ್ತಮ ಪ್ರತಿಯಿಂದ ಬದಲಿಸಿಕೊಳ್ಳಬಹುದು. ಮೂಲ ಸಿ.ಡಿ.ಗಳನ್ನೂ ಎಸೆಯದೆ ಒಣಗಿದ, ಬಿಸಿಲು ಬೀಳದ ಸ್ಥಳದಲ್ಲಿ ನೇರವಾಗಿ ನಿಲ್ಲಿಸಿಡಬೇಕು.

## ಕಾನೂನು

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 52(1)(ಎ) ವಿಧಿಯು ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಬಳಕೆಗಾಗಿ ಕೃತಿಗಳ ನ್ಯಾಯೋಚಿತ ಉಪಯೋಗಕ್ಕೆ ಅವಕಾಶ ನೀಡುತ್ತದೆ. ನಕಲಿಸಿದ ಕಡತಗಳನ್ನು ಮಾರುವುದು ಅಥವಾ ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ಒದಗಿಸುವುದು ಇದರ ವ್ಯಾಪ್ತಿಗೆ ಬರುವುದಿಲ್ಲ. ಧ್ವನಿಮುದ್ರಣದ ಹಕ್ಕು ಅದು ಮೊದಲು ಪ್ರಕಟವಾದ ವರ್ಷದ ಮರುವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ. 1960ರಲ್ಲಿ ಪ್ರಕಟವಾದ ಮುದ್ರಣದ ಹಕ್ಕು 2020ರ ಕೊನೆಯವರೆಗೆ ಇತ್ತು. ದಾಸರ ಪದಗಳ ಸಾಹಿತ್ಯ ಎಷ್ಟೇ ಪ್ರಾಚೀನವಾಗಿದ್ದರೂ ಅದನ್ನು ಹಾಡಿದ ಮುದ್ರಣಕ್ಕೆ ಈ ಅವಧಿ ಪ್ರತ್ಯೇಕವಾಗಿ ಅನ್ವಯಿಸುತ್ತದೆ. ಪ್ರಕಟಣೆಯ ವರ್ಷವನ್ನು ಸರಿಯಾಗಿ ದಾಖಲಿಸಿಡಲು ಇದೂ ಒಂದು ಕಾರಣ.

## ಇವನ್ನೂ ನೋಡಿ

- ಕರ್ನಾಟಕ ಸಂಗೀತ
- ಹಿಂದುಸ್ತಾನಿ ಸಂಗೀತ
- ಹರಿದಾಸ ಸಾಹಿತ್ಯ
- ಯಕ್ಷಗಾನ
- ಮಟ್ಟುಗುಳ್ಳ